ಒಂದೇ ಬೆಂಚು, ಮೂರು ಬೆಲೆ

ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕದ ಬಗ್ಗೆ ಕರ್ನಾಟಕ ಸರ್ಕಾರ 1989ರ ಜೂನ್ 5ರಂದು ಒಂದು ಅಧಿಸೂಚನೆ ಹೊರಡಿಸಿತು. ಸರ್ಕಾರಿ ಸೀಟು ಸಿಕ್ಕವರಿಗೆ ವರ್ಷಕ್ಕೆ 2,000 ರೂಪಾಯಿ. ಆ ಸೀಟು ಸಿಗದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000 ರೂಪಾಯಿವರೆಗೆ. ಹೊರ ರಾಜ್ಯದಿಂದ ಬಂದವರಿಗೆ 60,000 ರೂಪಾಯಿವರೆಗೆ. ಮೂವರಿಗೂ ಪಾಠ ಹೇಳುವ ಅಧ್ಯಾಪಕರು ಅವರೇ, ಬರೆಯುವ ಪರೀಕ್ಷೆಯೂ ಅದೇ. ಅಕ್ಕಪಕ್ಕ ಕೂತ ಮೂವರ ಬೆಲೆ ಮಾತ್ರ ಬೇರೆ ಬೇರೆ.

ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬಳು ಈ 60,000 ರೂಪಾಯಿ ತೆರಲಾರದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಳು. 1992ರ ಜುಲೈ 30ರಂದು ತೀರ್ಪು ಬಂತು. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವಾದುದು, ಶಿಕ್ಷಣವು ಜೀವಿಸುವ ಹಕ್ಕಿನಿಂದಲೇ ಹುಟ್ಟಿದ ಹಕ್ಕು ಎಂದು ನ್ಯಾಯಾಲಯ ಸಾರಿತು. ದೇಶದಾದ್ಯಂತ ಚರ್ಚೆಗೆ ಕಾರಣವಾದ ಈ ಮೊಕದ್ದಮೆಯ ಪ್ರತಿವಾದಿ ಕರ್ನಾಟಕ ರಾಜ್ಯವೇ ಆಗಿತ್ತು.

ಈ ತೀರ್ಪಿಗೆ ಸುಮಾರು ಒಂದು ವರ್ಷದ ಹಿಂದೆ, 1991ರ ಜುಲೈ 24ರಂದು, ಹಣಕಾಸು ಸಚಿವ ಮನಮೋಹನ್ ಸಿಂಗ್ ತಮ್ಮ ಮೊದಲ ಬಜೆಟ್ ಮಂಡಿಸಿದ್ದರು. ಆಗ ದೇಶದ ಬೊಕ್ಕಸದಲ್ಲಿದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು. ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಡಬೇಕಾಗಿ ಬಂದಿತ್ತು. ಅದೇ ತಿಂಗಳ ಮೊದಲ ವಾರದಲ್ಲಿ ರೂಪಾಯಿಯ ಬೆಲೆಯನ್ನು ಎರಡು ಬಾರಿ ಇಳಿಸಲಾಗಿತ್ತು. ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂಬ ಮೂರು ಪದಗಳು ದಿನಪತ್ರಿಕೆಗಳಿಗೆ ಬಂದು ನೆಲೆಸಿದ್ದು ಆಗಲೇ.

ಈ ಎರಡು ಘಟನೆಗಳನ್ನು ಬೇರೆ ಬೇರೆಯಾಗಿ ನೋಡುವುದೇ ರೂಢಿ. ಒಂದು ಅರ್ಥಶಾಸ್ತ್ರದ ಪಾಠ, ಇನ್ನೊಂದು ಕಾನೂನಿನ ಪಾಠ. ಆದರೆ ಕಾಲೇಜಿನ ಒಂದು ಬೆಂಚಿಗೆ ಅಷ್ಟು ಬೆಲೆ ಬಂದದ್ದು, ಆ ಬೆಂಚಿನಿಂದ ಎದ್ದವರಿಗೆ ಊರಾಚೆಯ, ದೇಶದಾಚೆಯ ಮಾರುಕಟ್ಟೆಯಲ್ಲಿ ಬೆಲೆ ಇದ್ದುದರಿಂದ. ಜಗತ್ತು ಬಾಗಿಲು ತೆರೆದಾಗ ಒಳಗೆ ಹೋಗುವವರು ಯಾರು ಎಂಬುದನ್ನು ಶಾಲೆಯ ಬಾಗಿಲು ಅದಕ್ಕೂ ಎಷ್ಟೋ ಮೊದಲೇ ತೀರ್ಮಾನಿಸಿರುತ್ತದೆ. ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕೆ ಉದಾಹರಣೆಗಳಿಗೆ ಕೊರತೆಯಿಲ್ಲ.

ಶಾಲೆ, ಹೆಂಚು, ಬ್ಯಾಂಕು

ಜಾಗತೀಕರಣ ಎಂಬ ಪದ ಹುಟ್ಟುವ ಮೊದಲೇ ಅದರ ಅನುಭವ ಕಂಡ ಊರು ಮಂಗಳೂರು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು ಶಾಲೆಗಳನ್ನು ತೆರೆದರು, ಅಚ್ಚುಕೂಟ ಹಾಕಿದರು. ಮತಾಂತರಗೊಂಡವರು ಜಾತಿಯ ಜೊತೆಗೆ ಜಾತಿಯ ಕಸುಬನ್ನೂ ಕಳೆದುಕೊಂಡಾಗ ಅವರ ಹೊಟ್ಟೆಪಾಡಿಗೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಬಂದವು. ಮೊದಲ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮಂಗಳೂರು ಹೆಂಚು ಹಡಗೇರಿ ಪರದೇಶಗಳನ್ನು ಸೇರಿತು. ಶಾಲೆ, ಕಾರ್ಖಾನೆ, ಬಂದರು ಮೂರೂ ಒಂದೇ ಸರಪಳಿಯ ಕೊಂಡಿಗಳಾದವು.

ಈ ಪಾಠವನ್ನು ಊರಿನವರು ಬೇಗ ಕಲಿತರು. ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹುಡುಗಿಯರ ಶಾಲೆಯನ್ನೂ ತೆರೆದರು. ಅದೇ ವ್ಯಕ್ತಿ 1906ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಮುಂದೆ ಕೆನರಾ ಬ್ಯಾಂಕ್ ಆದದ್ದು ಅದೇ. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಅನುಕ್ರಮ ಆಕಸ್ಮಿಕವಲ್ಲ. ಲೆಕ್ಕ ಬರೆಯಬಲ್ಲ ಗುಮಾಸ್ತರಿಲ್ಲದೆ ಬ್ಯಾಂಕು ನಡೆಯದು, ಓದು ಬಾರದ ಗಿರಾಕಿ ಅದರ ಬಾಗಿಲಿಗೆ ಬಾರನು.

ಆದರೆ ಈ ಶಾಲೆಗಳ ಅಂಗಳಕ್ಕೂ ಬರಲಾಗದವರಿದ್ದರು. ಅವರಿಗಾಗಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ ಸಂಸ್ಥೆ ಕಟ್ಟಿ ಶಾಲೆ, ವಿದ್ಯಾರ್ಥಿನಿಲಯ ನಡೆಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಎದುರಿಸಿದರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಹಂಬಲವಾಗಿತ್ತೆಂದು ಕರಾವಳಿಯಲ್ಲಿ ಇಂದಿಗೂ ನೆನೆಯುತ್ತಾರೆ. ಅಕ್ಷರದ ಬಗ್ಗೆ ಅವರಿಗಿದ್ದ ಕನಸಿನಲ್ಲಿ ಹುದ್ದೆಯಿತ್ತು, ಕಾರಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಊರ ರಸ್ತೆಯಿತ್ತು.

ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಅರಮನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಜಮ್‌ಶೆಟ್‌ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಗೆ ಸಂಸ್ಥಾನವು 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ತರಗತಿ ಆರಂಭಿಸಿದ ಆ ಸಂಸ್ಥೆ ಬೆಂಗಳೂರಿಗರ ಬಾಯಲ್ಲಿ ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ಬಂದವು.

ಕಾಲೇಜೇನೋ ಬಂತು. ಹಳ್ಳಿಯ ಹುಡುಗ ಊಟ ಎಲ್ಲಿ ಮಾಡಬೇಕು? ಬಡ ಬ್ರಾಹ್ಮಣ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಮಾಡಿ ಓದುತ್ತಿದ್ದರು. ಉಳಿದ ಜಾತಿಗಳವರಿಗೆ ಆ ಮನೆಗಳ ಪಂಕ್ತಿಯಲ್ಲಿ ಜಾಗವಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಜಾತಿ ಸಂಘಗಳು ಹುಟ್ಟಿದ್ದರ ಹಿಂದೆ ಈ ಹಸಿವೂ ಇತ್ತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಸಿರಸಂಗಿಯ ಲಿಂಗರಾಜ ದೇಸಾಯಿ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಅನ್ನ, ವಸತಿ, ಅಕ್ಷರ ಮೂರೂ ಒಟ್ಟಿಗೆ ಸಿಕ್ಕವು.

ಓದಿದ ಮೇಲೆ ನೌಕರಿ ಯಾರಿಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಪ್ರತಿಭೆಯೊಂದೇ ಮಾನದಂಡವಾಗಬೇಕೆಂದಿದ್ದ ವಿಶ್ವೇಶ್ವರಯ್ಯ ಒಪ್ಪದೆ ದಿವಾನಗಿರಿ ಬಿಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಸಮಿತಿಯ ಶಿಫಾರಸಿನತ್ತ ವಾಲಿದರು. 1921ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡುವ ಆದೇಶ ಹೊರಬಿತ್ತು. ನವ ಮೈಸೂರನ್ನು ಕಟ್ಟಿದ ಇಬ್ಬರೂ ದೊಡ್ಡವರು ಈ ಒಂದು ವಿಷಯದಲ್ಲಿ ಎದುರುಬದುರಾದದ್ದು ಗಮನಾರ್ಹ. ಅವರ ವಾದ ಇಂದಿಗೂ ಮುಗಿದಿಲ್ಲ.

ಸೈರನ್ ಕೂಗಿದ ಊರು

1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆ ತೆರೆದಾಗ ಬೆಂಗಳೂರಿನಲ್ಲಿ ವಿದ್ಯುತ್ತಿತ್ತು, ಎಂಜಿನಿಯರುಗಳಿದ್ದರು, ವಿಜ್ಞಾನ ಸಂಸ್ಥೆಯಿತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಈ ಕಾರ್ಖಾನೆಗಳ ತಾಂತ್ರಿಕ ಜ್ಞಾನ ಬಂದದ್ದು ಹೊರಗಿನಿಂದ. ಟೆಲಿಫೋನಿಗೆ ಬ್ರಿಟನ್, ಯಂತ್ರೋಪಕರಣಕ್ಕೆ ಸ್ವಿಟ್ಜರ್ಲೆಂಡ್, ಎಲೆಕ್ಟ್ರಾನಿಕ್ಸಿಗೆ ಫ್ರಾನ್ಸ್, 1961ರ ನಂತರ ಕೈಗಡಿಯಾರಕ್ಕೆ ಜಪಾನಿನ ಸಿಟಿಜನ್. ಜಗತ್ತು ಆಗಲೂ ಬೆಂಗಳೂರಿಗೆ ಬಂದಿತ್ತು. ಆದರೆ ನಡುವೆ ಸರ್ಕಾರ ನಿಂತಿತ್ತು.

ಇದರ ಫಲ ಮನೆಮನೆಗಳಲ್ಲಿ ಕಾಣಿಸಿತು. ಎಸ್ಸೆಸ್ಸೆಲ್ಸಿ ಮುಗಿಸಿ ಕೈಗಾರಿಕಾ ತರಬೇತಿ ಪಡೆದವನಿಗೆ ಕಾಯಂ ನೌಕರಿ, ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಕಾಲೋನಿಯಲ್ಲಿ ಕ್ವಾರ್ಟರ್ಸು, ಮಕ್ಕಳಿಗೆ ಅಲ್ಲೇ ಶಾಲೆ. ಫಿಟ್ಟರ್, ಟರ್ನರುಗಳ ಎಷ್ಟೋ ಮಕ್ಕಳು ಎಂಜಿನಿಯರಿಂಗ್ ಕಾಲೇಜು ಸೇರಿದ್ದು ಈ ಶಾಲೆಗಳ ಬೆಂಚಿನಿಂದ. ಹತ್ತನೇ ತರಗತಿಯ ಓದು ಒಂದು ಸಂಸಾರವನ್ನು ಮಧ್ಯಮ ವರ್ಗಕ್ಕೆ ಏರಿಸಬಲ್ಲ ಕಾಲ ಅದು.

ಡೊನೇಷನ್ ಕಾಲ

ಸರ್ಕಾರಿ ಕಾಲೇಜುಗಳು ಸಾಲದಾದಾಗ ಖಾಸಗಿಯವರು ಮುಂದೆ ಬಂದರು. 1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು, ಅದೇ ವರ್ಷ ಮೈಸೂರಿನಲ್ಲಿ ಎನ್.ಐ.ಇ., 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು. 60ರ ದಶಕದ ಆರಂಭದಲ್ಲಿ ಹಾಸನ, ಮಂಡ್ಯಗಳಂಥ ಜಿಲ್ಲಾ ಕೇಂದ್ರಗಳಲ್ಲೂ ಎಂಜಿನಿಯರಿಂಗ್ ಕಾಲೇಜು ಬಂದವು. ಸಕ್ಕರೆ ಸೀಮೆಯ, ಮಲೆನಾಡಿನ ರೈತರ ಮಕ್ಕಳು ಎಂಜಿನಿಯರ್ ಆಗುವ ದಾರಿ ಸಿಕ್ಕಿದ್ದು ಹೀಗೆ. 1972ರಲ್ಲಿ ದೇವರಾಜ ಅರಸರ ಸರ್ಕಾರ ಹಾವನೂರು ಆಯೋಗವನ್ನು ನೇಮಿಸಿತು. 1975ರಲ್ಲಿ ಬಂದ ಅದರ ವರದಿಯ ನಂತರ ಮೀಸಲಾತಿಯ ಬಲದಿಂದ ಇನ್ನಷ್ಟು ಜಾತಿಗಳ ಮಕ್ಕಳು ಕಾಲೇಜು ಕಂಡರು.

ಇದೇ ದಾರಿಯಲ್ಲಿ ಡೊನೇಷನ್ ಕೂಡ ಬಂತು. ಸೀಟಿಗಾಗಿ ತೋಟ ಮಾರಿದವರ, ಒಡವೆ ಅಡವಿಟ್ಟವರ ಕತೆಗಳು ಊರೂರಲ್ಲಿ ಕೇಳಿಬಂದವು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಜಾರಿಯಾಯಿತು. ರೂಢಿ ನಿಲ್ಲಲಿಲ್ಲ. 1992ರ ತೀರ್ಪಿನ ಮರುವರ್ಷವೇ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ಮಾತನ್ನು ತಿದ್ದಿತು. ಶಿಕ್ಷಣದ ಮೂಲಭೂತ ಹಕ್ಕು 14 ವರ್ಷದವರೆಗೆ ಮಾತ್ರ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂದಿತು. 1994ರಲ್ಲಿ ಕರ್ನಾಟಕದಲ್ಲಿ ಸಿ.ಇ.ಟಿ. ಶುರುವಾದದ್ದು ಈ ಹಿನ್ನೆಲೆಯಲ್ಲಿ. ಅಂಕವಿದ್ದವನಿಗೆ ಹಣವಿಲ್ಲದೆಯೂ ಸೀಟು ಸಿಗಬಹುದೆಂಬ ಭರವಸೆ ಮೂಡಿಸಿದ ವ್ಯವಸ್ಥೆ ಅದು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಆ ಫ್ರೀ ಸೀಟಿನ ಸೂತ್ರವೂ ಬಿದ್ದುಹೋಯಿತು.

ಉಪಗ್ರಹದ ದಾರಿ

ಹೀಗೆ ದಶಕಗಳ ಕಾಲ ಕರ್ನಾಟಕ ಎಂಜಿನಿಯರುಗಳನ್ನು ತಯಾರು ಮಾಡಿತು. ಅಷ್ಟು ಮಂದಿಗೆ ಇಲ್ಲಿ ಕೆಲಸವಿರಲಿಲ್ಲ. ಅನೇಕರು ಅಮೆರಿಕಕ್ಕೆ ಹೋದರು, ಕೊಲ್ಲಿ ದೇಶಗಳಿಗೆ ಹೋದರು. ‘ಪ್ರತಿಭಾ ಪಲಾಯನ’ ಎಂದು ಸಂಪಾದಕೀಯಗಳು ಮರುಗಿದವು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಈ ಲೆಕ್ಕ ತಿರುವುಮುರುವಾಯಿತು. ಇಲ್ಲಿ ಕೂತ ಎಂಜಿನಿಯರು ಮಾಡಿದ ವಿನ್ಯಾಸ ಉಪಗ್ರಹದ ಮೂಲಕ ಅಮೆರಿಕ ತಲುಪಿತು. ಎಂಜಿನಿಯರು ವಿಮಾನ ಹತ್ತಬೇಕಾಗಲಿಲ್ಲ. ಹಡಗಿಗೆ ಹೇರುವ ಸರಕಲ್ಲವಾದ್ದರಿಂದ ಬಂದರಿಲ್ಲದ, ಸಮುದ್ರದಿಂದ ಬಲು ದೂರದ ಬೆಂಗಳೂರು ಜಗತ್ತಿನ ಪೇಟೆಯಾಯಿತು. 1991ರಲ್ಲಿ ಕೇಂದ್ರ ಸರ್ಕಾರ ತಂತ್ರಾಂಶ ಪಾರ್ಕುಗಳ ಯೋಜನೆ ತಂದು ತೆರಿಗೆ ವಿನಾಯಿತಿ ನೀಡಿತು. 2000ನೇ ಇಸವಿ ಹತ್ತಿರವಾದಂತೆ ಹಳೆಯ ಕಂಪ್ಯೂಟರುಗಳು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದುದು ಪಶ್ಚಿಮ ದೇಶಗಳ ಕಂಪನಿಗಳಿಗೆ ದಿಗಿಲು ಹುಟ್ಟಿಸಿತು. ಅದನ್ನು ತಿದ್ದುವ ಕೆಲಸ ರಾಶಿರಾಶಿಯಾಗಿ ಭಾರತಕ್ಕೆ ಬಂತು.

ಈ ಕಾಲದ ಪ್ರತಿನಿಧಿಯಾಗಿ ಎನ್.ಆರ್. ನಾರಾಯಣ ಮೂರ್ತಿಯವರನ್ನು ನೋಡಬಹುದು. ಶಿಡ್ಲಘಟ್ಟದಲ್ಲಿ ಹುಟ್ಟಿದ ಅವರು ಶಾಲಾ ಮೇಷ್ಟ್ರ ಮಗ. ಐ.ಐ.ಟಿ. ಪ್ರವೇಶ ಪರೀಕ್ಷೆ ಪಾಸಾದರೂ ಮನೆಯಲ್ಲಿ ಹಣಕ್ಕೆ ಅನುಕೂಲವಿಲ್ಲದೆ ಮೈಸೂರಿನ ಎನ್.ಐ.ಇ. ಸೇರಿದರು. 1981ರಲ್ಲಿ ಆರು ಮಂದಿ ಗೆಳೆಯರೊಡನೆ ಪುಣೆಯಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, 1999ರಲ್ಲಿ ಅಮೆರಿಕದ ನಾಸ್‌ಡಾಕ್ ಷೇರುಪೇಟೆ ಸೇರಿತು. ಜಮೀನ್ದಾರಿಕೆಯಾಗಲಿ ಮನೆತನದ ವ್ಯಾಪಾರವಾಗಲಿ ಇಲ್ಲದವನು ಓದಿನ ಬಲದಿಂದಲೇ ಶ್ರೀಮಂತನಾಗಬಹುದೆಂಬ ನಂಬಿಕೆಯನ್ನು ಇದು ಮಧ್ಯಮ ವರ್ಗಕ್ಕೆ ಕೊಟ್ಟಿತು. ಆ ನಂಬಿಕೆ ಸುಳ್ಳಲ್ಲ. ಆದರೆ 10,000 ರೂಪಾಯಿಯ ಹಿಂದೆ ಕಾಣದ ಬಂಡವಾಳ ಇನ್ನೊಂದಿತ್ತು: ಅರಮನೆ ಕೊಟ್ಟ ಜಮೀನು, ಸರ್ಕಾರ ಭರಿಸಿದ ಶುಲ್ಕ, ಸಂಘಗಳು ಹಾಕಿದ ಊಟ.

ಅದೇ ಊರಿನ ಇನ್ನೊಂದು ಕೆಲಸ

ಹೊಸೂರು ರಸ್ತೆಯಲ್ಲಿ ಬೆಳಗ್ಗೆ ಹವಾನಿಯಂತ್ರಿತ ಬಸ್ಸುಗಳು ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಹೊತ್ತಿಗೇ ಊಟದ ಡಬ್ಬಿ ಹಿಡಿದ ಹೆಂಗಸರು ಗುಂಪುಗುಂಪಾಗಿ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟಿನತ್ತ ನಡೆಯುತ್ತಾರೆ. ಅವರು ಹೊಲಿಯುವ ಅಂಗಿಯೂ ಅಮೆರಿಕ, ಯುರೋಪುಗಳಿಗೇ ಹೋಗುವುದು. 2005ರ ಜನವರಿ 1ರಂದು ಸಿದ್ಧ ಉಡುಪುಗಳ ರಫ್ತಿನ ಮೇಲಿದ್ದ ಅಂತರರಾಷ್ಟ್ರೀಯ ಕೋಟಾ ಪದ್ಧತಿ ಕೊನೆಗೊಂಡಾಗ ಪೈಪೋಟಿ ಇನ್ನಷ್ಟು ಬಿಗಿಯಾಯಿತು. ಎರಡೂ ಜಾಗತೀಕರಣದ ಕೆಲಸಗಳೇ. ಡಿಗ್ರಿ ಇದ್ದವರಿಗೆ ಒಂದು, ಹೈಸ್ಕೂಲು ದಾಟದವರಿಗೆ ಇನ್ನೊಂದು.

2016ರ ಏಪ್ರಿಲ್‌ನಲ್ಲಿ ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಗಂಟೇ ಮಗಳ ಮದುವೆಗೂ ಮಗನ ಶಾಲೆಯ ಫೀಸಿಗೂ ಆಧಾರ. ಎರಡು ದಿನ ಬೆಂಗಳೂರು ಸ್ತಬ್ಧವಾಯಿತು. ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಅದೇ ವರ್ಷದ ಜನವರಿಯಲ್ಲಿ ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತ್ತು. ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನನ್ನು ಕಾಯಂ ನೌಕರನನ್ನಾಗಿಸಿದ್ದ ಮೆಟ್ಟಿಲು ಕಳಚಿಬಿತ್ತು. ಮೇಲೆ ಡಿಗ್ರಿಯ ನೌಕರಿ, ಕೆಳಗೆ ಗಾರ್ಮೆಂಟ್ಸ್, ಡ್ರೈವಿಂಗ್, ಸೆಕ್ಯುರಿಟಿ. ನಡುವಿನ ಮೆಟ್ಟಿಲು ಇಲ್ಲದ ಏಣಿ ಹತ್ತುವುದು ಕಷ್ಟ.

ಭಾಷೆ ಮತ್ತು ದಿಕ್ಕು

ಈ ಏಣಿಯನ್ನು ಕಂಡ ತಂದೆ ತಾಯಿ ಇಂಗ್ಲಿಷ್ ಶಾಲೆಯ ಕಡೆ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. 1982ರಲ್ಲಿ ಗೋಕಾಕ್ ಚಳವಳಿ ಕನ್ನಡಕ್ಕಾಗಿ ನಾಡನ್ನೇ ಎಬ್ಬಿಸಿತ್ತು. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರಬೇಕೆಂದು ಆದೇಶಿಸಿತು. 20 ವರ್ಷಗಳ ವ್ಯಾಜ್ಯದ ನಂತರ 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಮುಂದಾಯಿತು. ಬಡವರ ಮಕ್ಕಳಿಗೆ ಇಂಗ್ಲಿಷ್ ಬೇಡವೆ ಎಂಬ ಪ್ರಶ್ನೆಗೂ, ತಿಳಿಯದ ಭಾಷೆಯಲ್ಲಿ ಮಗು ಏನು ಕಲಿತೀತು ಎಂಬ ಪ್ರಶ್ನೆಗೂ ನ್ಯಾಯವಿದೆ. ಎರಡನ್ನೂ ಒಟ್ಟಿಗೆ ಉತ್ತರಿಸುವ ಶಾಲೆ ಇನ್ನೂ ಅಪರೂಪ.

ಇನ್ನೊಂದು ಕಂದರ ದಿಕ್ಕಿನದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36. ಮಿಷನ್ ಶಾಲೆ, ಕೆನರಾ ಹೈಸ್ಕೂಲು, ಕುದ್ಮುಲ್ ರಂಗರಾಯರ ಶಾಲೆಗಳನ್ನು ಕಂಡ ದಕ್ಷಿಣ ಕನ್ನಡದಲ್ಲಿ ಅದು ಶೇ 88.57. ಯಾದಗಿರಿ ಜಿಲ್ಲೆಯಲ್ಲಿ ಶೇ 51.83. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಈ ಪೈಕಿ 21 ಆಗಿನ ಗುಲ್ಬರ್ಗ ವಿಭಾಗದವು. ಇದಕ್ಕೆ ಪರಿಹಾರವೆಂದು ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371-ಜೆ ವಿಧಿ ಸೇರಿ, ಆ ಭಾಗದವರಿಗೆ ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲು ಸಿಕ್ಕಿತು. ನೂರು ವರ್ಷ ಮೊದಲು ತೆರೆದ ಶಾಲೆಯ ಲಾಭವನ್ನು ಒಂದೇ ಕಾನೂನಿನಿಂದ ಸರಿದೂಗಿಸುವುದು ಸುಲಭವಲ್ಲ.

ಮತ್ತೆ ಅದೇ ಬೆಂಚು

ಮೀರತ್‌ನ ವಿದ್ಯಾರ್ಥಿನಿ ಎತ್ತಿದ ಪ್ರಶ್ನೆ ಕೊನೆಗೆ ಶಾಸನವಾದದ್ದು ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ 25ರಷ್ಟು ಸೀಟನ್ನು ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಗಾರ್ಮೆಂಟ್ಸ್ ಹೆಂಗಸಿನ ಮಗನೂ ಎಂಜಿನಿಯರನ ಮಗಳೂ ಒಂದೇ ಬೆಂಚಿನಲ್ಲಿ ಕೂರಬಹುದಾದ ಅವಕಾಶ ಅದು. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ಕರ್ನಾಟಕ 2018ರ ಕೊನೆಗೆ ನಿಯಮ ಬದಲಿಸಿತು. ಸರ್ಕಾರಿ ಶಾಲೆ ಖಾಲಿಯಾಗಬಾರದು ಎಂಬುದು ಸರ್ಕಾರದ ವಾದ. ನಗರದ ಬಹುತೇಕ ಕಡೆ ಸರ್ಕಾರಿ ಶಾಲೆ ಹತ್ತಿರದಲ್ಲೇ ಇರುವುದರಿಂದ ಆ ಬಾಗಿಲು ಬಹುಪಾಲು ಮುಚ್ಚಿತು.

2020ರಲ್ಲಿ ಕೊರೊನಾ ಬಂದು ಶಾಲೆಗಳು ಬೀಗ ಹಾಕಿದಾಗ ಪಾಠ ಮೊಬೈಲಿಗೆ ಸರಿಯಿತು. ಜಗತ್ತಿಗೆ ತಂತ್ರಾಂಶ ಬರೆದುಕೊಡುವ ರಾಜ್ಯದಲ್ಲಿ ಲಕ್ಷಾಂತರ ಮಕ್ಕಳ ಮನೆಯಲ್ಲಿ ಅದಕ್ಕೆ ಬೇಕಾದ ಫೋನು ಇರಲಿಲ್ಲ. ‘ವಿದ್ಯಾಗಮ’ ಎಂಬ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಹಳ್ಳಿಗಳಿಗೆ ಹೋಗಿ ಅರಳಿಕಟ್ಟೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಅದೇ ದಿನಗಳಲ್ಲಿ ತಂತ್ರಾಂಶ ಕಂಪನಿಗಳ ನೌಕರರು ಮನೆಯಲ್ಲೇ ಕೂತು ಅಮೆರಿಕದ ಕೆಲಸ ಮುಂದುವರಿಸಿದ್ದರು. ಒಂದು ಗಂಟೆಯ ದಾರಿಯಲ್ಲಿದ್ದ ಹಳ್ಳಿಯ ಮಗುವಿಗೆ ಮಾತ್ರ ಮೇಷ್ಟ್ರು ಮತ್ತೆ ಎಂದು ಬರುತ್ತಾರೆಂದು ಹೇಳುವವರಿರಲಿಲ್ಲ.